ಚೂಟಿ ಮಗುವನ್ನು ಆಟದಲ್ಲಿ ತೊಡಗಿಸುವುದು ಹೇಗೆ: ಪದೇ ಪದೇ ಕೇಳುವ ಪ್ರಶ್ನೆಗಳು

ಮೈಸೂರಿನ ನಮ್ಮ ಮನೆಯ ಮುಂದಿನ ಹಾಲ್‌ನಲ್ಲಿ ಹನ್ನೊಂದು ವರ್ಷದಿಂದ ಪ್ಲೇಹೋಮ್ ನಡೆಸುತ್ತಿದ್ದೇನೆ. ಒಂದೂವರೆಯಿಂದ ನಾಲ್ಕು ವರ್ಷದವರೆಗಿನ ಮಕ್ಕಳು, ಹೆಚ್ಚೆಂದರೆ ಹನ್ನೆರಡು ಜನ. ಮಧ್ಯಾಹ್ನ ಕರೆದುಕೊಂಡು ಹೋಗಲು ಬರುವ ಅಪ್ಪ-ಅಮ್ಮ, ಅಜ್ಜಿ-ತಾತ ಗೇಟಿನ ಹತ್ತಿರ ನಿಂತು ಕೇಳುವ ಪ್ರಶ್ನೆಗಳು ಇವು. ಅಲ್ಲಿ, ಒಂದು ಕೈಯಲ್ಲಿ ಮಗು ಇನ್ನೊಂದರಲ್ಲಿ ಸ್ಕೂಟರ್ ಕೀ ಹಿಡಿದವರಿಗೆ ಪೂರ್ತಿ ಹೇಳಲಾಗದ್ದನ್ನು ಇಲ್ಲಿ ಬರೆದಿದ್ದೇನೆ.

ನಮ್ಮ ಮಗು ನಿಜವಾಗಲೂ ಚೂಟಿನಾ, ಅಥವಾ ನಮಗೆ ಹಾಗೆ ಕಾಣ್ತಿದೆಯಾ?

ಹೆತ್ತವರಿಗೆ ಹಾಗೆ ಕಾಣದಿದ್ದರೆ ಇನ್ಯಾರಿಗೆ ಕಾಣಬೇಕು, ಬಿಡಿ. ಆದರೂ ಒಂದು ಮಾತು. ಎರಡು ವರ್ಷದ ಹೊತ್ತಿಗೆ ಸುಮಾರು ಐವತ್ತು ಪದ, ‘ಅಮ್ಮ ಬಾ’, ‘ಹಾಲು ಬೇಡ’ ಎಂಬಂಥ ಎರಡು ಪದದ ಮಾತು ಬಂದರೆ ಸರಿಯಾದ ದಾರಿಯಲ್ಲೇ ಇದೆ ಎಂದರ್ಥ. ಕೆಲವು ಮಕ್ಕಳು ಅಷ್ಟೊತ್ತಿಗೆ ‘ಅಜ್ಜಿ ಕನ್ನಡಕ ಫ್ರಿಜ್ ಮೇಲೆ ಇಟ್ಟು ಮರ್ತೋಗಿದಾರೆ’ ಅಂದುಬಿಡುತ್ತವೆ. ಅಂಥವರೇ ಈ ಪುಟದ ಕಥಾನಾಯಕರು.

ಬಾಯಿಪಾಠವನ್ನು ಮಾತ್ರ ಅಳತೆಗೋಲು ಮಾಡಿಕೊಳ್ಳಬೇಡಿ. ನೂರರವರೆಗೆ ಒಂದೇ ಉಸಿರಿನಲ್ಲಿ ಹೇಳುವ ಮಗುವಿಗೆ ‘ಮೂರು ಚಮಚ ತಗೊಂಡು ಬಾ’ ಅನ್ನಿ. ಬಹಳಷ್ಟು ಸಲ ಕೈಗೆ ಸಿಕ್ಕಷ್ಟು ಬಾಚಿಕೊಂಡು ಬರುತ್ತದೆ. ಎಣಿಕೆಯ ಹಾಡು ಬೇರೆ, ಮೂರು ಎಂದರೆ ಇಷ್ಟು ಎಂಬ ಅರಿವು ಬೇರೆ. ಅದು ಹೆಚ್ಚಿನ ಮಕ್ಕಳಿಗೆ ಮೂರೂವರೆ, ನಾಲ್ಕು ವರ್ಷದ ಆಸುಪಾಸಿನಲ್ಲಿ ಬರುತ್ತದೆ.

ನಾನು ಗಮನಿಸುವುದು ಬೇರೆಯದನ್ನು. ಒಂದು ಕಡೆ ಕಂಡದ್ದನ್ನು ಮಗು ಇನ್ನೊಂದು ಕಡೆ ತಂದು ಹಚ್ಚುತ್ತದೆಯೇ? ಎರಡು ವರ್ಷ ಎಂಟು ತಿಂಗಳ ಒಬ್ಬ ಹುಡುಗಿ ನಮ್ಮ ಮನೆ ಬಾಗಿಲಿನ ಚುಕ್ಕಿ ರಂಗೋಲಿ ನೋಡಿ, ‘ಇಡ್ಲಿ ತಟ್ಟೇಲಿ ತೂತು ಹಿಂಗೇ ಇದೆ’ ಅಂದಳು. ಅವಳಿಗೆ ಆಗ ಅ-ಆ-ಇ-ಈ ಒಂದೂ ಬರುತ್ತಿರಲಿಲ್ಲ.

ಇನ್ನು ಈ ವಯಸ್ಸಿಗೆ ಐಕ್ಯೂ ಪರೀಕ್ಷೆ ಮಾಡಿಸಬೇಕಾ ಎಂದು ಕೇಳುವವರಿದ್ದಾರೆ. ಬೇಡ. ಎರಡು-ಮೂರು ವರ್ಷದಲ್ಲಿ ಬರುವ ಅಂಕ ನಿಲ್ಲುವಂಥದ್ದಲ್ಲ. ನಿದ್ದೆಗೆಟ್ಟ ದಿನ ಒಂದು, ಹೊಟ್ಟೆ ತುಂಬಿದ ದಿನ ಇನ್ನೊಂದು.

ಯಾವ ಆಟಿಕೆ ಕೊಟ್ರೂ ಎರಡೇ ನಿಮಿಷ. ಆಮೇಲೆ ‘ಬೋರು’ ಅಂತಾನೆ. ಏನು ಮಾಡೋದು?

ಗುಂಡಿ ಒತ್ತಿದರೆ ಹಾಡುವ ಆಟಿಕೆಯಲ್ಲಿ ಆಡುವುದು ಆಟಿಕೆಯೇ. ಮಗು ಬರೀ ಪ್ರೇಕ್ಷಕ. ಚೂಟಿ ಮಗುವಿಗೆ ಎರಡನೇ ಸಲ ಒತ್ತುವಷ್ಟರಲ್ಲಿ ಗುಟ್ಟು ಬಯಲಾಗಿರುತ್ತದೆ.

ಇಂಥ ಮಗು ಕಂಡಾಗ ನಾವೆಲ್ಲ ಮುಂದಿನ ಪಾಠಕ್ಕೆ ಹಾರುತ್ತೇವೆ. ಬಣ್ಣ ಬಂತಾ, ಆಕಾರ ಕಲಿಸು. ಆಕಾರ ಬಂತಾ, ಅಕ್ಷರ. ನನ್ನ ಮಗನಿಗೆ ನಾನು ಮಾಡಿದ್ದೂ ಅದೇ. ಮೂರು ವರ್ಷಕ್ಕೆ ಎರಡರ ಮಗ್ಗಿ ಹೇಳಿಸಿದ್ದೆ, ಮದುವೆ ಮನೆಯಲ್ಲೂ ಹೇಳಿಸಿದೆ. ನಾಲ್ಕಕ್ಕೆ ಅವನು ಲೆಕ್ಕ ಅಂದರೆ ಮಂಚದ ಕೆಳಗೆ ಸೇರಿಕೊಳ್ಳುತ್ತಿದ್ದ. ಅವತ್ತಿನಿಂದ ಮಗುವನ್ನು ಮುಂದಕ್ಕೆ ದಬ್ಬುವ ಬದಲು ಇರುವಲ್ಲೇ ಅಗಲಕ್ಕೆ ಹರಡಲು ಬಿಡುತ್ತೇನೆ. ಸಾಮಾನು ಅದೇ ಇರಲಿ, ಆಟದ ಗಂಟು ಒಂದು ಸುತ್ತು ಬಿಗಿಯಾಗಲಿ.

ಸ್ಟೀಲ್ ಡಬ್ಬಿಗಳನ್ನೇ ತೆಗೆದುಕೊಳ್ಳಿ. ಒಂದರೊಳಗೊಂದು ಕೂರುವ ಏಳು ಡಬ್ಬಿ ನಮ್ಮಲ್ಲಿವೆ. ಎರಡೂವರೆ ವರ್ಷದ ಒಬ್ಬ ಹುಡುಗ ಮೊದಲ ದಿನವೇ ಎಲ್ಲ ಮುಚ್ಚಳ ಹೊಂದಿಸಿ, ‘ಆಯ್ತು ಮಿಸ್’ ಎಂದು ಕೈ ಒರೆಸಿಕೊಂಡ. ಮಾರನೇ ದಿನ ಒಂದು ಮುಚ್ಚಳ ಬಚ್ಚಿಟ್ಟು ಕೊಟ್ಟೆ. ಹೊಂದಿಸಿ ಹೊಂದಿಸಿ, ಕೊನೆಗೆ ಉಳಿದ ಬೋಳು ಡಬ್ಬಿ ಹಿಡಿದುಕೊಂಡು ಬಂದು, ‘ಇದ್ರ ಟೋಪಿ ಎಲ್ಲಿ?’ ಅಂದ. ಮೂರನೇ ದಿನ ಕಣ್ಣಿಗೆ ನನ್ನ ದುಪಟ್ಟಾ ಕಟ್ಟಿದೆ. ಅಂಚನ್ನು ಬೆರಳಿನಿಂದ ಸುತ್ತಿ ಸುತ್ತಿ ನೋಡಿ, ಒಂದೊಂದಕ್ಕೂ ಸರಿಯಾದದ್ದನ್ನೇ ಹುಡುಕಿದ. ನಾಲ್ಕನೇ ದಿನ ನಾನೇನೂ ಹೇಳಲಿಲ್ಲ. ಡಬ್ಬಿಗಳನ್ನು ಬೋರಲು ಹಾಕಿ ಚಮಚದಿಂದ ಬಡಿದು, ಚಿಕ್ಕದರ ದನಿ ‘ಸಣ್ಣ’, ದೊಡ್ಡದರ ದನಿ ‘ತಾತ’ ಎಂದು ಅವನೇ ಕಂಡುಕೊಂಡ. ಅದೇ ಏಳು ಡಬ್ಬಿ, ನಾಲ್ಕು ದಿನ.

ಆಟಿಕೆ ಮನೆ ತುಂಬ ಇದ್ದರೆ ಐದಾರನ್ನು ಮಾತ್ರ ಕೆಳಗಿಟ್ಟು ಉಳಿದದ್ದನ್ನು ಅಟ್ಟಕ್ಕೆ ಹಾಕಿ. ಎರಡು ವಾರಕ್ಕೊಮ್ಮೆ ಅದಲುಬದಲು ಮಾಡಿ. ಅಟ್ಟದಿಂದ ಇಳಿದದ್ದು ಹೊಸದೇ ಅನ್ನುವಂತೆ ಕುಣಿಯುತ್ತಾರೆ.

ಅಡುಗೆಮನೆಗೆ ಬಂದು ಕಾಲಿಗೆ ತೊಡರಿಕೊಳ್ತಾಳೆ. ಅಲ್ಲಿ ಏನು ಆಡಿಸಬಹುದು?

ಆಡಿಸಬೇಡಿ, ಕೆಲಸ ಕೊಡಿ. ಒಲೆಯಿಂದ ದೂರ, ನೆಲದ ಮೇಲೆ ಒಂದು ಮಣೆ ಹಾಕಿ. ಕೊತ್ತಂಬರಿ ಸೊಪ್ಪು ಬಿಡಿಸಲಿ, ಬಟಾಣಿ ಸುಲಿಯಲಿ. ಅವರೆಕಾಯಿ ಕಾಲ ಬಂದರೆ ನಮ್ಮ ಕಡೆ ಮಕ್ಕಳಿಗೆ ಹಬ್ಬ. ನೆನೆಸಿದ ಅವರೆಕಾಳನ್ನು ಹೆಬ್ಬೆರಳು-ತೋರುಬೆರಳಿನ ನಡುವೆ ಹಿತುಕಿದರೆ ಬೇಳೆ ಪುಸಕ್ಕನೆ ಹಾರುತ್ತದೆ. ಒಂದು ಬಟ್ಟಲಿಗೆ ಬೇಳೆ, ಇನ್ನೊಂದಕ್ಕೆ ಸಿಪ್ಪೆ. ಮುಂದೆ ಪೆನ್ಸಿಲ್ ಹಿಡಿಯಬೇಕಾದ ಬೆರಳುಗಳಿಗೆ ಇದಕ್ಕಿಂತ ಒಳ್ಳೆಯ ವ್ಯಾಯಾಮ ಯಾವ ಅಂಗಡಿಯಲ್ಲೂ ಸಿಗದು. ಅರ್ಧ ಬೇಳೆ ಸೋಫಾ ಕೆಳಗೆ ಸೇರುತ್ತದೆ, ಅದು ಇದ್ದದ್ದೇ. ಬಾಯಿಗೆ, ಮೂಗಿಗೆ, ಕಿವಿಗೆ ಹೋಗದಂತೆ ಮಾತ್ರ ಪಕ್ಕದಲ್ಲೇ ಕೂತಿರಿ.

ನೀರಾಟವೂ ಇಲ್ಲೇ ಆಗಲಿ. ಅಗಲ ಬೇಸಿನ್ನಿನಲ್ಲಿ ನಾಲ್ಕು ಬೆರಳು ನೀರು, ಪಕ್ಕದಲ್ಲಿ ಆಲೂಗಡ್ಡೆ, ಚಮಚ, ಖಾಲಿ ಲೋಟ, ಕಿತ್ತಳೆ. ಹಾಕುವ ಮೊದಲು ‘ಮುಳುಗತ್ತಾ, ತೇಲತ್ತಾ?’ ಎಂದು ಕೇಳಿ. ಉತ್ತರ ತಪ್ಪಾದರೂ ತಿದ್ದಬೇಡಿ, ನೀರೇ ಹೇಳುತ್ತದೆ. ಕಿತ್ತಳೆ ತೇಲುತ್ತದೆ. ಅದೇ ಕಿತ್ತಳೆಯ ಸಿಪ್ಪೆ ಸುಲಿದು ಹಾಕಿದರೆ ಮುಳುಗುತ್ತದೆ, ಏಕೆಂದರೆ ಸಿಪ್ಪೆಯ ಒಳಗಿನ ಬಿಳಿ ಪದರದಲ್ಲಿ ಗಾಳಿ ತುಂಬಿರುತ್ತದೆ. ಇದನ್ನು ಮೊದಲ ಸಲ ನೋಡಿದ ಮೂರು ವರ್ಷದ ಹುಡುಗಿ ಬಹಳ ಹೊತ್ತು ಬಗ್ಗಿ ನೋಡಿ, ‘ಸ್ವೆಟರ್ ಬಿಚ್ಚಿದ್ದಕ್ಕೆ ಮುಳುಗೋಯ್ತಾ?’ ಅಂದಳು. ಇಡೀ ಮಧ್ಯಾಹ್ನ ಮನೆಯ ಹಣ್ಣಿಗೆಲ್ಲ ಸ್ವೆಟರ್ ಬಿಚ್ಚುವ ಕೆಲಸ. ಆಟ ಮುಗಿದ ಕೂಡಲೇ ನೀರು ಚೆಲ್ಲಿ ಪಾತ್ರೆ ಬೋರಲು ಹಾಕಿ. ಬಕೆಟ್ಟಿನಲ್ಲಿ ನಿಂತ ಸ್ವಲ್ಪ ನೀರೂ ಪುಟ್ಟ ಮಕ್ಕಳಿಗೆ ಅಪಾಯ. ಫೋನ್ ರಿಂಗಾಯಿತೆಂದು ಎದ್ದು ಹೋಗುವುದಾದರೆ ಮಗುವನ್ನೂ ಎತ್ತಿಕೊಂಡೇ ಹೋಗಿ.

ಅಂದಹಾಗೆ, ಇಬ್ಬರು ಮಕ್ಕಳು ಮಜ್ಜಿಗೆಗೆ ಜಗಳವಾಡಿದರೆ ಒಬ್ಬರದನ್ನು ಸಪೂರದ ಎತ್ತರ ಲೋಟಕ್ಕೆ ಬಗ್ಗಿಸಿ. ಅದರಲ್ಲೇ ಜಾಸ್ತಿ ಇದೆ ಎಂದು ಇಬ್ಬರೂ ನಂಬುತ್ತಾರೆ, ಎಷ್ಟೇ ಚೂಟಿಯಾಗಿರಲಿ. ಸ್ವಿಟ್ಜರ್‌ಲೆಂಡಿನ ಮನಶ್ಶಾಸ್ತ್ರಜ್ಞ ಜೀನ್ ಪಿಯಾಜೆ ಇದನ್ನೇ ಪ್ರಯೋಗ ಮಾಡಿ ತೋರಿಸಿದ್ದರು. ಆಕಾರ ಬದಲಾದರೂ ಅಳತೆ ಬದಲಾಗದು ಎಂಬುದು ಮಕ್ಕಳಿಗೆ ಹೊಳೆಯುವುದು ಆರೇಳು ವರ್ಷದ ಹೊತ್ತಿಗೆ. ಜಗಳ ಬಿಡಿಸಲಂತೂ ಆಗುವುದಿಲ್ಲ, ಇಬ್ಬರೂ ಎತ್ತರದ ಲೋಟವೇ ಬೇಕು ಅನ್ನುತ್ತಾರೆ. ಎರಡು ಇಟ್ಟುಕೊಂಡಿರಿ.

ಅಕ್ಷರ ಎಲ್ಲ ಗುರುತಿಸ್ತಾಳೆ. ಬರೆಸೋಕೆ ಶುರು ಮಾಡಲಾ?

ಬೇಡ. ಎರಡೂವರೆ ವರ್ಷದ ಮಗು ಬಳಪವನ್ನು ಮುಷ್ಟಿಯಲ್ಲಿ ಹಿಡಿಯುತ್ತದೆ. ಮೂರು ಬೆರಳಿನ ಹಿಡಿತ ಕೂರಲು ನಾಲ್ಕು ದಾಟಬೇಕು, ಕೆಲವರಿಗೆ ಇನ್ನೂ ತಡ. ತಲೆ ಓಡಿದಷ್ಟು ಬೆರಳು ಓಡುವುದಿಲ್ಲ. ತಾನು ಅಂದುಕೊಂಡ ‘ಅ’ ಹಾಳೆಯ ಮೇಲೆ ಬರದಿದ್ದಾಗ ಬೇರೆ ಮಕ್ಕಳಿಗಿಂತ ಚೂಟಿ ಮಗುವಿಗೇ ಹೆಚ್ಚು ರೋಷ, ಏಕೆಂದರೆ ತಪ್ಪು ಅದಕ್ಕೆ ಕಾಣುತ್ತದೆ.

ಬೇಕಾದರೆ ತಟ್ಟೆಯಲ್ಲಿ ರಾಗಿ ಹರವಿ ಬೆರಳಲ್ಲಿ ಗೀಚಲು ಬಿಡಿ. ಕಾಂಪೌಂಡ್ ಗೋಡೆಗೆ ನೀರು ಮತ್ತು ಹಳೇ ಪೇಂಟ್ ಬ್ರಷ್ ಕೊಡಿ. ಬಿಸಿಲಿಗೆ ಒಣಗಿ ಮಾಯವಾಗುತ್ತದೆ, ತಪ್ಪೂ ಉಳಿಯುವುದಿಲ್ಲ.

ಅಕ್ಷರದ ಹಸಿವಿದ್ದರೆ ಅದನ್ನು ಕಿವಿಯಿಂದ ತಣಿಸಿ. ಇದಕ್ಕೆ ಕನ್ನಡದಷ್ಟು ಅನುಕೂಲದ ಭಾಷೆ ಅಪರೂಪ ಅನ್ನುವುದು ನನ್ನ ಅಭಿಪ್ರಾಯ. ನಮ್ಮಲ್ಲಿ ಒಂದು ಅಕ್ಷರಕ್ಕೆ ಒಂದು ಉಲಿ, ಚಪ್ಪಾಳೆಗೆ ಸರಿಯಾಗಿ ಕೂರುತ್ತದೆ. ಮ-ಸಾ-ಲೆ-ದೋ-ಸೆ, ಐದು ಚಪ್ಪಾಳೆ. ಉ-ಪ್ಪಿ-ಟ್ಟು, ಮೂರು. ಉಪ್ಪಿಟ್ಟು ಬೇಡ ಅನ್ನುವವರೂ ಚಪ್ಪಾಳೆ ಮಾತ್ರ ತಪ್ಪಿಸುವುದಿಲ್ಲ. ಇದು ಬಂದ ಮೇಲೆ ‘ನನಗೆ ಕಾಣ್ತಿರೋದು ಬ-ದಿಂದ ಶುರು’ ಎಂಬ ಆಟ. ಬಾಗಿಲು, ಬಕೆಟ್, ಬಾಳೆಹಣ್ಣು. ನಾಲ್ಕು ವರ್ಷದ ಹತ್ತಿರದವರಿಗೆ ಪದವನ್ನು ಉಲ್ಟಾ ಮಾಡಿ ಕೊಡಿ. ‘ಸರ’ ತಿರುಗಿಸಿದರೆ? ‘ರಸ’. ‘ಕನಕ’ ತಿರುಗಿಸಿದರೆ? ಇಲ್ಲಿ ಮಗು ಒಂದು ಕ್ಷಣ ಮೋಸಹೋದವರ ಮುಖ ಮಾಡುತ್ತದೆ, ಆಮೇಲೆ ಬಿದ್ದು ಬಿದ್ದು ನಗುತ್ತದೆ. ಕಾರಿನಲ್ಲಿ, ಆಸ್ಪತ್ರೆಯ ಬೆಂಚಿನಲ್ಲಿ, ಬಸ್‌ಸ್ಟ್ಯಾಂಡಿನಲ್ಲಿ ಎಲ್ಲಾದರೂ ಆಡಬಹುದು, ಸಾಮಾನು ಬೇಕಿಲ್ಲ.

ಅಂಗಡಿ ಬೋರ್ಡ್ ಎಲ್ಲ ಓದ್ತಾನೆ, ಕಾರಿನ ನಂಬರ್ ಎಲ್ಲ ಹೇಳ್ತಾನೆ. ಆದ್ರೆ ಹೆಸರು ಹಿಡಿದು ಕರೆದ್ರೆ ತಿರುಗಲ್ಲ.

ಇದನ್ನು ‘ಜಾಣ, ಅವನದೇ ಲೋಕ’ ಎಂದು ತಳ್ಳಿಹಾಕಬೇಡಿ. ಅಕ್ಷರ-ಅಂಕಿಯ ಮೇಲೆ ಬಹಳ ಬೇಗ ಹಿಡಿತ ಬಂದು, ಕರೆದರೆ ಓಗೊಡುವುದು, ಬೆರಳು ಮಾಡಿ ತೋರಿಸುವುದು, ಇನ್ನೊಬ್ಬರ ಜೊತೆ ಸೇರಿ ಆಡುವುದು ಹಿಂದೆ ಬಿದ್ದಿದ್ದರೆ, ಅಥವಾ ಎರಡು ವರ್ಷಕ್ಕೂ ಎರಡು ಪದ ಸ್ವಂತವಾಗಿ ಜೋಡಿಸದಿದ್ದರೆ ಮಕ್ಕಳ ವೈದ್ಯರಿಗೆ ತೋರಿಸಿ. ಬಂದ ಮಾತು ನಿಂತುಹೋದರೆ ಕಾಯಲೇಬೇಡಿ. ಮೊದಲು ಕಿವಿಯ ಪರೀಕ್ಷೆ. ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆಯಲ್ಲಿ, ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕೆಂದೇ ತಜ್ಞರಿದ್ದಾರೆ. ಹೆಚ್ಚಿನ ಸಲ ಹೆದರುವಂಥದ್ದೇನೂ ಇರುವುದಿಲ್ಲ. ಇದ್ದರೆ ಬೇಗ ಗೊತ್ತಾದಷ್ಟೂ ಮಗುವಿಗೆ ಒಳ್ಳೆಯದು. ಮಗು ಓದುವುದನ್ನು ಬಿಡಿಸಬೇಕಿಲ್ಲ, ಅದನ್ನೇ ಮಾತಿಗೆ ಮೆಟ್ಟಿಲು ಮಾಡಿಕೊಳ್ಳುವುದು ಹೇಗೆಂದು ಅವರು ಹೇಳಿಕೊಡುತ್ತಾರೆ.

ಮೊಬೈಲ್‌ನಲ್ಲಿ ಕಲಿಕೆಯ ವಿಡಿಯೊನೇ ತಾನೇ ನೋಡೋದು?

ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದ ಪ್ರಕಾರ ಎರಡು ವರ್ಷದೊಳಗೆ ಸ್ಕ್ರೀನ್ ಮುಂದೆ ಕೂರಿಸುವುದೇ ಬೇಡ. ಎರಡರಿಂದ ನಾಲ್ಕು ವರ್ಷಕ್ಕೆ ದಿನಕ್ಕೆ ಒಂದು ಗಂಟೆ ಮೀರಬಾರದು, ಕಡಿಮೆಯಾದಷ್ಟೂ ಒಳ್ಳೆಯದು. ಒಂದು ವರ್ಷ ದಾಟಿದ ಮಗುವಿಗೆ ದಿನಕ್ಕೆ ಕನಿಷ್ಠ 180 ನಿಮಿಷ ಓಡಾಟ, ಕುಣಿದಾಟ ಬೇಕು ಎಂದೂ ಅದರಲ್ಲೇ ಇದೆ. ಆ ಸಾಲನ್ನು ಯಾರೂ ಫಾರ್ವರ್ಡ್ ಮಾಡುವುದಿಲ್ಲ.

ನಾನೇನೂ ಸನ್ಯಾಸಿ ಅಲ್ಲ. ಜ್ವರ ಬಂದ ರಾತ್ರಿ ನನ್ನ ಮಗನಿಗೂ ಫೋನ್ ಕೊಟ್ಟಿದ್ದೇನೆ. ಅಮೆರಿಕದಲ್ಲೋ ದುಬೈನಲ್ಲೋ ಇರುವವರು ಊರಿನ ಅಜ್ಜಿಯ ಜೊತೆ ಮಾಡಿಸುವ ವಿಡಿಯೊ ಕಾಲನ್ನೂ ಈ ಲೆಕ್ಕಕ್ಕೆ ಸೇರಿಸುವುದಿಲ್ಲ, ಅಲ್ಲಿ ಅಜ್ಜಿ ಮಾತಿಗೆ ಮಾತು ಕೊಡುತ್ತಾರೆ. ನನ್ನ ತಕರಾರು ಊಟದ ಹೊತ್ತಿನ ಫೋನಿನ ಮೇಲೆ. ಬಾಯಿಗೆ ಏನು ಬಿತ್ತು ಎಂದು ಗೊತ್ತಾಗದೆ ನುಂಗುವ ಮಗುವಿಗೆ ಹುಳಿ-ಖಾರ-ಬಿಸಿ-ತಣ್ಣಗೆ ಎಂಬ ಇಡೀ ಒಂದು ಪಾಠ ಕೈತಪ್ಪುತ್ತದೆ.

ಚನ್ನಪಟ್ಟಣದ ಗೊಂಬೆ ತರಲಾ, ಆನ್‌ಲೈನ್‌ನಲ್ಲಿ ಸಿಗೋ ದುಬಾರಿ ಕಿಟ್ ತರಿಸಲಾ?

ಚನ್ನಪಟ್ಟಣ. ಹಾಲೆ ಮರವನ್ನು ಲೇತ್‌ಗೆ ಕೊಟ್ಟು ಕಡೆದು, ತಿರುಗುತ್ತಿರುವಾಗಲೇ ಬಣ್ಣದ ಅರಗು ಹಚ್ಚುತ್ತಾರೆ. ಅಂಚು ಚುಚ್ಚುವುದಿಲ್ಲ. ಸಾಂಪ್ರದಾಯಿಕ ಕೆಲಸದಲ್ಲಿ ಅರಿಶಿನದಂಥ ಗಿಡಮೂಲದ ಬಣ್ಣಗಳನ್ನು ಬಳಸುತ್ತಾರೆ, ಬಾಯಿಗೆ ಹಾಕುವ ವಯಸ್ಸಿನವರಿಗೆ ಇದು ಮುಖ್ಯ. ಹೆದ್ದಾರಿ ಬದಿಯಲ್ಲಿ ಪೇಂಟ್ ಬಳಿದ ನಕಲಿಯೂ ಸಿಗುತ್ತದೆ, ಹಾಗಾಗಿ ಕೇಳಿ ಕೊಳ್ಳಿ. ಉಂಗುರ ಜೋಡಿಸುವ ಗೊಂಬೆಯೊಂದೇ ಸಾಕು: ಮೊದಲು ದೊಡ್ಡದರಿಂದ ಚಿಕ್ಕದಕ್ಕೆ, ಆಮೇಲೆ ಉಲ್ಟಾ, ಆಮೇಲೆ ‘ಕೆಂಪು, ಹಳದಿ, ಕೆಂಪು, ಮುಂದೆ?’ ಎಂಬ ಸರಣಿ, ಆಮೇಲೆ ಉಂಗುರವನ್ನು ಬಳೆ ಮಾಡಿಕೊಂಡು ಮದುಮಗಳಾಗುವುದು.

ಅಜ್ಜಿಮನೆಯ ಅಳಗುಳಿಮಣೆಯೂ ಚೆಂದವೇ. ಹದಿನಾಲ್ಕು ಗುಳಿ, ಒಂದೊಂದಕ್ಕೆ ಒಂದೊಂದು ಹಾಕುತ್ತ ಹೋಗುವುದೇ ಎಣಿಕೆ. ಆದರೆ ಹುಣಸೆ ಬೀಜ, ಕವಡೆ ಈ ವಯಸ್ಸಿಗೆ ಬೇಡ. ಹಳೇ ಕ್ಯಾಮೆರಾ ರೀಲಿನ ಡಬ್ಬಿಯೊಳಗೆ ಹೋಗುವಂಥ ಯಾವ ವಸ್ತುವೂ ಮೂರು ವರ್ಷದೊಳಗಿನ ಮಗುವಿನ ಗಂಟಲಿಗೆ ಅಪಾಯ. ಗುಲಗಂಜಿಯನ್ನಂತೂ ಮನೆಯಿಂದಲೇ ಆಚೆ ಹಾಕಿ, ಅದು ವಿಷ. ಗುಂಡಿ ಸೆಲ್ ನುಂಗಿದ ಅನುಮಾನ ಬಂದರೂ ಸಾಕು, ‘ನಾಳೆ ಹೊರಗೆ ಬರುತ್ತೆ’ ಎಂದು ಕೂರದೆ ಸೀದಾ ಆಸ್ಪತ್ರೆಗೆ.

ಬೆಳಗಿಂದ ರಾತ್ರಿ ತನಕ ‘ಯಾಕೆ? ಯಾಕೆ?’ ಉತ್ತರ ಹೇಳಿ ಹೇಳಿ ಸಾಕಾಗಿದೆ.

ಎಲ್ಲಕ್ಕೂ ಉತ್ತರ ಕೊಡಬೇಕಿಲ್ಲ. ‘ನಿಂಗೇನನ್ಸುತ್ತೆ?’ ಎಂದು ತಿರುಗಿಸಿ ಕೇಳಿ, ಅರ್ಧ ಪ್ರಶ್ನೆಗಳಿಗೆ ಅವರ ಹತ್ತಿರ ಉತ್ತರ ತಯಾರಿರುತ್ತದೆ. ಉಳಿದರ್ಧವನ್ನು ಕಣ್ಣಿಗೆ ಕಾಣುವಂತೆ ಮಾಡಬಹುದಾ ನೋಡಿ.

ನಾಲ್ಕರ ಹತ್ತಿರದ ಒಬ್ಬ ಹುಡುಗ, ‘ಚಂದ್ರ ಯಾಕೆ ನಮ್ಮ ಹಿಂದೇನೇ ಬರ್ತಾನೆ?’ ಎಂದು ಒಂದು ವಾರ ಪೀಡಿಸಿದ. ಅವರಪ್ಪ ಭೂಮಿ, ಕಕ್ಷೆ ಎಂದೆಲ್ಲ ಹೇಳಿ ಸೋತಿದ್ದರು. ಸ್ಕೂಟರಿನಲ್ಲಿ ಮುಂದೆ ನಿಲ್ಲಿಸಿಕೊಂಡು ನಿಧಾನಕ್ಕೆ ಹೋಗಿ ಅಂದೆ. ಹತ್ತಿರದ ಲೈಟ್ ಕಂಬಗಳು ಸರಸರ ಹಿಂದೆ ಓಡುತ್ತವೆ. ಸ್ವಲ್ಪ ದೂರದ ಮನೆಗಳು ನಿಧಾನಕ್ಕೆ ಸರಿಯುತ್ತವೆ. ಚಾಮುಂಡಿ ಬೆಟ್ಟ ಇದ್ದಲ್ಲೇ ಇದ್ದು ನಮ್ಮ ಜೊತೆಗೇ ಬಂದಂತೆ ಕಾಣುತ್ತದೆ. ದೂರ ಇದ್ದಷ್ಟೂ ಹಿಂದೆ ಸರಿಯದು, ಚಂದ್ರ ಬೆಟ್ಟಕ್ಕಿಂತ ಎಷ್ಟೋ ಪಾಲು ದೂರ. ಮಾರನೇ ದಿನ ಅವನು ಬಂದವನೇ, ‘ಬೆಟ್ಟಾನೂ ನಮ್ಮನೆ ತನಕ ಬಂತು, ಒಳಗೆ ಮಾತ್ರ ಬರ್ಲಿಲ್ಲ’ ಎಂದು ವರದಿ ಒಪ್ಪಿಸಿದ.

ಇಷ್ಟು ಜಾಣ, ಆದ್ರೆ ಗೋಪುರ ಬಿದ್ರೆ ನೆಲಕ್ಕೆ ಬಿದ್ದು ಹೊರಳಾಡ್ತಾನೆ!

ಮಾತು ಐದು ವರ್ಷದ್ದಾದರೂ ಸಹನೆ ಎರಡೂವರೆ ವರ್ಷದ್ದೇ. ಅಷ್ಟು ಚೆನ್ನಾಗಿ ಮಾತಾಡುವವನನ್ನು ನಾವು ದೊಡ್ಡವನೆಂದೇ ಭಾವಿಸಿಬಿಡುತ್ತೇವೆ. ಆ ಹೊತ್ತಿನಲ್ಲಿ ಬುದ್ಧಿ ಹೇಳಬೇಡಿ, ಪಕ್ಕದಲ್ಲಿ ಕೂರಿ. ದಿನಕ್ಕೊಂದು ಆಟದಲ್ಲಿ ನೀವೂ ಸೋಲಿ, ನಿಮ್ಮ ಗೋಪುರವೂ ಬೀಳಲಿ, ‘ಅಯ್ಯೋ, ಇರಲಿ, ಇನ್ನೊಂದ್ಸಲ ಕಟ್ತೀನಿ’ ಅನ್ನುವುದು ಅವನ ಕಿವಿಗೆ ಬೀಳಲಿ. ನಿದ್ದೆಯ ಲೆಕ್ಕವನ್ನೂ ನೋಡಿಕೊಳ್ಳಿ: ಒಂದು-ಎರಡು ವರ್ಷದವರಿಗೆ ಹಗಲಿನದೂ ಸೇರಿ 11ರಿಂದ 14 ಗಂಟೆ, ಮೂರು-ನಾಲ್ಕಕ್ಕೆ 10ರಿಂದ 13 ಗಂಟೆ. ನಮ್ಮಲ್ಲಿ ಸಂಜೆಯ ಹಠಗಳಲ್ಲಿ ಅರ್ಧಕ್ಕರ್ಧ ಮಧ್ಯಾಹ್ನದ ನಿದ್ದೆ ಸಾಲದ್ದು.

ಒಂದು ವರ್ಷ ಮುಂಚೆ ಎಲ್‌ಕೆಜಿಗೆ ಸೇರಿಸಿಬಿಡಲಾ?

ಬೇಡ. 2009ರ ಶಿಕ್ಷಣ ಹಕ್ಕು ಕಾಯ್ದೆ ಶಾಲೆಗೆ ಲೆಕ್ಕ ಹಿಡಿಯುವುದು ಆರು ವರ್ಷದಿಂದ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ ಮೂರರಿಂದ ಆರರವರೆಗಿನ ವಯಸ್ಸನ್ನು ಆಟದ ಕಲಿಕೆಗೆ ಬಿಟ್ಟಿದೆ. ಈಗ ಉಳಿಸಿದ ವರ್ಷ ಒಂದನೇ ತರಗತಿಯ ಬಾಗಿಲಲ್ಲಿ ವಯಸ್ಸಾಗಿಲ್ಲ ಎಂದು ವಾಪಸ್ ಬರುತ್ತದೆ. ಬರದಿದ್ದರೂ, ತನಗಿಂತ ಗೇಣುದ್ದ ಎತ್ತರದವರ ನಡುವೆ ಬಾಟಲಿ ಮುಚ್ಚಳ ತೆಗೆಯಲಾಗದೆ ಕೂರುವುದು ಯಾವ ಜಾಣ ಮಗುವಿಗೂ ಸುಖವಲ್ಲ.

ಮನೇಲಿ ಕನ್ನಡ, ಹೊರಗೆ ಇಂಗ್ಲಿಷ್, ಅಜ್ಜಿ ತೆಲುಗು. ಗೊಂದಲ ಆಗಲ್ವಾ?

ಆಗುವುದಿಲ್ಲ. ಬೆರಕೆ ಮಾತಾಡುತ್ತದೆ, ಆಮೇಲೆ ಯಾರಿಗೆ ಯಾವುದು ಎಂದು ತಾನೇ ಬೇರ್ಪಡಿಸುತ್ತದೆ. ಮನೆಮಾತನ್ನು ಬಿಟ್ಟು, ನಿಮಗೇ ಅರ್ಧಂಬರ್ಧ ಬರುವ ಇಂಗ್ಲಿಷಿನಲ್ಲಿ ‘ಈಟ್ ಮಾಡು, ಸಿಟ್ ಮಾಡು’ ಅನ್ನುವುದೇ ನಷ್ಟ.

ನಾವಿಬ್ಬರೂ ಕೆಲಸಕ್ಕೆ ಹೋಗೋರು. ಸಿಗೋದೇ ಅರ್ಧ ಗಂಟೆ.

ಅರ್ಧ ಗಂಟೆ ಸಾಕು, ಫೋನ್ ಬೇರೆ ಕೋಣೆಯಲ್ಲಿರಲಿ. ಹೊಸ ಚಟುವಟಿಕೆ ಹುಡುಕಬೇಡಿ. ಒಣಗಿದ ಬಟ್ಟೆಯ ರಾಶಿಯಿಂದ ಕಾಲುಚೀಲದ ಜೋಡಿ ಹುಡುಕಲಿ, ಅಪ್ಪನದು ಒಂದು ಕಡೆ ಅಮ್ಮನದು ಒಂದು ಕಡೆ ಮಾಡಲಿ. ಆಮೇಲೆ ಒಂದು ಪುಸ್ತಕ, ಬೇಕಾದರೆ ಅದೇ ಪುಸ್ತಕ ಹದಿನೈದನೇ ಸಲ. ಬೇಕೆಂದೇ ಒಂದು ಪದ ತಪ್ಪಾಗಿ ಓದಿ. ನಿಮ್ಮನ್ನು ಹಿಡಿದುಹಾಕುವ ಖುಷಿ ಅವರಿಗೆ ಬೇರೆಲ್ಲೂ ಸಿಗದು. ಹಗಲಲ್ಲಿ ಅಜ್ಜಿ-ತಾತ ನೋಡಿಕೊಳ್ಳುತ್ತಿದ್ದರೆ ಅವರ ಕೈಗೆ ಟೈಮ್‌ಟೇಬಲ್ ಕೊಡಲು ಹೋಗಬೇಡಿ, ಅವರ ಹೂ ಕಟ್ಟುವ ಬುಟ್ಟಿ ಸಾಕು.

ಒಮ್ಮೊಮ್ಮೆ ಏನೂ ಮಾಡದೆ ಸುಮ್ನೆ ಕೂತಿರ್ತಾನೆ. ಆಗ ಏನಾದ್ರೂ ಕೊಡಬೇಕಾ?

ಕೊಡಬೇಡಿ. ಹೋದ ತಿಂಗಳು ನಮ್ಮ ಅಂಗಳದ ಕರಿಬೇವಿನ ಗಿಡದ ಬುಡದಲ್ಲಿ ಒಬ್ಬ ಹುಡುಗ ಇಪ್ಪತ್ತು ನಿಮಿಷ ಕುಕ್ಕರಗಾಲಲ್ಲಿ ಕೂತಿದ್ದ. ನಮ್ಮ ಹೊಸ ಆಯಾ ಎರಡು ಸಲ ಚೆಂಡು ಹಿಡಿದು ಕರೆಯಲು ಹೋದಳು, ತಡೆದೆ. ಇರುವೆಗಳು ಅವನು ಚೆಲ್ಲಿದ ಚುರುಮುರಿ ಎಳೆದುಕೊಂಡು ಹೋಗುತ್ತಿದ್ದವು. ದಾರಿಗೆ ಕಡ್ಡಿ ಅಡ್ಡ ಇಟ್ಟ, ಅವು ಬಳಸಿ ಹೋದವು. ಎಲೆ ಇಟ್ಟ, ಹತ್ತಿ ಇಳಿದವು. ಬೆರಳು ಇಟ್ಟ. ಆಮೇಲೆ ಅವನೇ ಕೂಗಿಕೊಂಡು ಒಳಗೆ ಬಂದ.

ಕಚ್ಚಿದ ಜಾಗಕ್ಕೆ ತಣ್ಣೀರು ಬಟ್ಟೆ ಒತ್ತಿದೆವು. ಹತ್ತು ನಿಮಿಷಕ್ಕೆ ಮತ್ತೆ ಅಲ್ಲೇ ಇದ್ದ, ಈ ಸಲ ಉದ್ದದ ಕಡ್ಡಿ ಹಿಡಿದುಕೊಂಡು.